ವಾಡೆ ಬಿತ್ತು, ಚರ್ಚು ಉಳಿಯಿತು: ಬೆಲಾರೂಸ್‌ನ ಶ್ಚೋರ್ಸಿ ಹಳ್ಳಿಯ ಇನ್ನೂರೈವತ್ತು ವರ್ಷ

ಬೆಲಾರೂಸ್‌ನ ಪಶ್ಚಿಮಕ್ಕೆ, ನವಾಹ್ರುದಕ್ ಪಟ್ಟಣದಾಚೆ, ನೇಮನ್ ನದಿಗೆ ಹತ್ತಿರದಲ್ಲಿ ಶ್ಚೋರ್ಸಿ ಎಂಬ ಹಳ್ಳಿಯಿದೆ. 1770ರ ದಶಕದಲ್ಲಿ ಅಲ್ಲಿನ ಜಮೀನ್ದಾರ ತನಗೊಂದು ದೊಡ್ಡ ವಾಡೆ ಕಟ್ಟಿಸಿಕೊಂಡ, ಊರವರಿಗೊಂದು ಚರ್ಚು ಕಟ್ಟಿಸಿಕೊಟ್ಟ. ಸಂತ ದಿಮಿತ್ರಿಯ ಹೆಸರಿನ ಆ ಚರ್ಚು ಇಂದಿಗೂ ಇದೆ. ವಾಡೆಯಲ್ಲಿ ಉಳಿದಿರುವುದು ಪಕ್ಕದ ಕೆಲವು ಕಟ್ಟಡಗಳು ಮತ್ತು ಹಳೆಯ ಮರಗಳ ತೋಪು ಮಾತ್ರ. ಒಬ್ಬನೇ ಯಜಮಾನ ಒಂದೇ ಕಾಲದಲ್ಲಿ ಕಟ್ಟಿಸಿದ ಎರಡು ಕಟ್ಟಡಗಳಿಗೆ ಎರಡು ಬಗೆಯ ಗತಿ ಏಕಾಯಿತು ಎಂದು ಹುಡುಕುತ್ತ ಹೋದರೆ ಆ ದೇಶದ ಚರಿತ್ರೆಯ ಬಹುಪಾಲು ಎದುರಾಗುತ್ತದೆ.

ಆ ಜಮೀನ್ದಾರನ ಹೆಸರು ಯೋವಾಕಿಮ್ ಖ್ರೆಪ್ತೊವಿಚ್. 1729ರಲ್ಲಿ ಹುಟ್ಟಿದವನು. ಆಗ ಬೆಲಾರೂಸ್ ಎಂಬ ಪ್ರತ್ಯೇಕ ರಾಜ್ಯವಿರಲಿಲ್ಲ; ಈ ಸೀಮೆ ಲಿಥುವೇನಿಯಾದ ಮಹಾಸಂಸ್ಥಾನಕ್ಕೆ ಸೇರಿತ್ತು, ಆ ಸಂಸ್ಥಾನ ಪೋಲೆಂಡಿನೊಂದಿಗೆ ಒಂದೇ ರಾಜನ ಕೆಳಗಿತ್ತು. ಖ್ರೆಪ್ತೊವಿಚ್ ಮೊದಲು ಸಂಸ್ಥಾನದ ಉಪಚಾನ್ಸಲರ್ ಎಂಬ ಮಂತ್ರಿಪದವಿಗೇರಿದ, 1793ರಲ್ಲಿ ಮಹಾಚಾನ್ಸಲರ್ ಆದ. ಆ ಪದವಿಗೇರಿದವರಲ್ಲಿ ಅವನೇ ಕೊನೆಯವನು, ಏಕೆಂದರೆ ಎರಡೇ ವರ್ಷಗಳಲ್ಲಿ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾಗಳು ಸೇರಿ ಆ ರಾಜ್ಯವನ್ನೇ ಹಂಚಿಕೊಂಡು ಮುಗಿಸಿದವು. 1773ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಕ್ಷಣ ಆಯೋಗದಲ್ಲೂ ಅವನಿದ್ದ. ಶಾಲೆಗಳನ್ನು ಸರ್ಕಾರವೇ ನಡೆಸಬೇಕೆಂಬ ಯೋಚನೆ ಯುರೋಪಿನಲ್ಲಿ ಇನ್ನೂ ಹೊಸದಾಗಿದ್ದ ಕಾಲ ಅದು.

ಆದರೆ ಶ್ಚೋರ್ಸಿಯ ರೈತರಿಗೆ ಅವನು ಮುಖ್ಯನಾದದ್ದು ಬೇರೆ ಕಾರಣಕ್ಕೆ. ಸುತ್ತಲಿನ ಜಮೀನ್ದಾರರೆಲ್ಲ ವಾರದಲ್ಲಿ ಇಂತಿಷ್ಟು ದಿನವೆಂದು ರೈತರಿಂದ ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾಗ ಅವನು ಬಿಟ್ಟಿಯನ್ನು ನಿಲ್ಲಿಸಿ ನಗದು ಗೇಣಿ ಗೊತ್ತುಮಾಡಿದ. ಇದನ್ನು ಬರಿಯ ಔದಾರ್ಯವೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸಂಪತ್ತೆಲ್ಲ ನೆಲದಿಂದಲೇ ಹುಟ್ಟುತ್ತದೆ ಎನ್ನುವ ಫ್ರೆಂಚ್ ಅರ್ಥಶಾಸ್ತ್ರಜ್ಞರ ಪಂಥವನ್ನು ಅವನು ಮೆಚ್ಚಿದ್ದ. ತನ್ನ ಹೊಲಕ್ಕಾಗಿ ದುಡಿಯುವವನು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯುವವನಿಗಿಂತ ಹೆಚ್ಚು ಬೆಳೆಯುತ್ತಾನೆಂಬ ಲೆಕ್ಕಾಚಾರ ಅದರಲ್ಲಿತ್ತು. ಲೆಕ್ಕಾಚಾರವಾದರೂ ರೈತನ ಬೆನ್ನಿಗೆ ಬಿಡುವು ಸಿಕ್ಕಿತಲ್ಲ.

ವಾಡೆ ಕಟ್ಟಲು ಇಟಲಿಯ ವಾಸ್ತುಶಿಲ್ಪಿಗಳು ಬಂದರು. ಜುಸೆಪ್ಪೆ ಸಾಕ್ಕೊ, ಕಾರ್ಲೊ ಸ್ಪಾಂಪಾನಿ ಅವರಲ್ಲಿ ಮುಖ್ಯರು. ವಾಡೆಗಿಂತ ಹೆಚ್ಚು ಹೆಸರಾದದ್ದು ಅದರೊಳಗಿನ ಗ್ರಂಥಾಲಯ: ಸುಮಾರು ಹತ್ತು ಸಾವಿರ ಸಂಪುಟಗಳು, ಜೊತೆಗೆ ಹಸ್ತಪ್ರತಿಗಳು, ಹಳೆಯ ದಾಖಲೆಗಳು. ರಾಜ್ಯ ಮುಳುಗಿದ ಮೇಲೆ, ಅದರ ಕಾಗದಪತ್ರಗಳಾದರೂ ಒಂದೆಡೆ ಇರಲಿ ಎನ್ನುವ ಹಾಗೆ ಅದು ಬೆಳೆಯಿತು. ಯೋವಾಕಿಮ್ 1812ರಲ್ಲಿ ತೀರಿಕೊಂಡ. ಅವನ ಮಗ ಆದಮ್ ಕಪಾಟುಗಳಿಗೆ ಬೀಗ ಹಾಕದೆ ಓದುವವರನ್ನು ಬರಮಾಡಿಕೊಂಡ. 1820ರ ದಶಕದ ಆರಂಭದಲ್ಲಿ ಅಲ್ಲಿ ಕುಳಿತು ಓದಿದವರಲ್ಲಿ ಅದೇ ಸೀಮೆಯ ತರುಣ ಆದಮ್ ಮಿತ್ಸ್ಕೆವಿಚ್ ಒಬ್ಬ. ಮುಂದೆ ಪೋಲಿಷ್ ಭಾಷೆಯ ಮಹಾಕವಿಯಾದವನು. ತೋಪಿನ ಓಕ್ ಮರದಡಿ ಅವನು ಕವಿತೆ ಬರೆದನೆಂದು ಊರವರು ಹೇಳುತ್ತಾರೆ. ಮರದ ಮಾತು ಹೇಗೇ ಇರಲಿ, ಪುಸ್ತಕಗಳ ಮಾತು ನಿಜ. 1840ರ ದಶಕದ ಮೊದಲಲ್ಲಿ ಅವನ ಗೆಳೆಯ ಯಾನ್ ಚೆಚೊಟ್, ಗಡೀಪಾರಿನ ಶಿಕ್ಷೆ ಮುಗಿಸಿ ಬಂದವನು, ಇಲ್ಲಿಯೇ ಗ್ರಂಥಪಾಲಕನಾಗಿದ್ದ. ಬೆಲಾರೂಸ್‌ನ ರೈತರ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಮೊದಲಿಗರಲ್ಲಿ ಅವನೂ ಸೇರಿದ್ದಾನೆ.

ಇನ್ನು ಚರ್ಚಿನ ಕಥೆ. ಒಡೆಯ ರೋಮನ್ ಕ್ಯಾಥೊಲಿಕ್, ಆದರೆ ಅವನು ಊರಿಗೆ ಕಟ್ಟಿಸಿಕೊಟ್ಟದ್ದು ಕ್ಯಾಥೊಲಿಕ್ ಚರ್ಚಲ್ಲ. ಅವನ ರೈತರು ಯೂನಿಯಟ್ ಪಂಗಡದವರು. 1596ರಲ್ಲಿ ಬ್ರೆಸ್ಟ್ ನಗರದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಪಂಗಡ ಇದು: ಪೂಜಾವಿಧಿಯೆಲ್ಲ ಪೂರ್ವದ ಆರ್ಥೊಡಾಕ್ಸ್ ಪದ್ಧತಿಯದು, ಅಧೀನತೆ ಮಾತ್ರ ರೋಮಿನ ಪೋಪ್‌ಗೆ. ಒಡೆಯರದು ಒಂದು, ಒಕ್ಕಲಿನದು ಇನ್ನೊಂದು ಎಂಬ ಈ ಏರ್ಪಾಟು ಆ ಸೀಮೆಯಲ್ಲಿ ವಿಶೇಷವೇನಲ್ಲ.

ರಾಜ್ಯವನ್ನು ಹಂಚಿಕೊಂಡಾಗ ಈ ಸೀಮೆ ರಷ್ಯಾದ ಪಾಲಾಗಿತ್ತು. ಅಲ್ಲಿನ ಚಕ್ರವರ್ತಿಗಳಿಗೆ ಇದು ಹಿಡಿಸಲಿಲ್ಲ. ತಮ್ಮ ಆಳ್ವಿಕೆಯ ವಿರುದ್ಧ 1830–31ರಲ್ಲಿ ಎದ್ದ ದಂಗೆಯನ್ನು ಅಡಗಿಸಿದ ಮೇಲೆ 1832ರಲ್ಲಿ ವಿಲ್ನಾ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ವಿಶ್ವವಿದ್ಯಾಲಯವನ್ನು ಮುಚ್ಚಿದರು. 1839ರಲ್ಲಿ ಪೊಲೊತ್ಸ್ಕ್ ನಗರದಲ್ಲಿ ಸಭೆ ಸೇರಿಸಿ ಯೂನಿಯಟ್ ಪಂಗಡವನ್ನೇ ಆರ್ಥೊಡಾಕ್ಸ್ ಚರ್ಚಿನಲ್ಲಿ ಕರಗಿಸಿದರು. ಶ್ಚೋರ್ಸಿಯ ಚರ್ಚೂ ಹೀಗೆಯೇ ಆರ್ಥೊಡಾಕ್ಸ್ ಆಯಿತು. ಗೋಡೆಗಳು ಅವೇ, ಭಕ್ತರೂ ಅವರೇ, ಪ್ರಾರ್ಥನೆಯಲ್ಲಿ ಪೋಪ್‌ನ ಹೆಸರು ಮಾತ್ರ ನಿಂತಿತು. 1863ರ ಇನ್ನೊಂದು ದಂಗೆಯ ನಂತರ ಗವರ್ನರ್ ಜನರಲ್ ಮುರವ್ಯೋವ್‌ನ ಕಾಲದಲ್ಲಿ ಹಳ್ಳಿಹಳ್ಳಿಗಳಲ್ಲಿ ಹೊಸ ಆರ್ಥೊಡಾಕ್ಸ್ ಚರ್ಚುಗಳೆದ್ದವು, ಎಷ್ಟೋ ಕ್ಯಾಥೊಲಿಕ್ ಚರ್ಚುಗಳು ಕೈ ಬದಲಾದವು. ಖ್ರೆಪ್ತೊವಿಚ್ ಮನೆತನದ್ದೇ ಇನ್ನೊಂದು ಊರಾದ ವಿಷ್ನೆವದಲ್ಲಿ 17ನೇ ಶತಮಾನದ ಕ್ಯಾಥೊಲಿಕ್ ಚರ್ಚಿನ ಜೊತೆಗೆ 1865ರ ಆರ್ಥೊಡಾಕ್ಸ್ ಚರ್ಚೂ ಇದೆ. ಬೆಲಾರೂಸ್‌ನ ಚಿಕ್ಕ ಹಳ್ಳಿಗಳಲ್ಲಿ ಎರಡೆರಡು ಚರ್ಚುಗಳನ್ನು ಕಂಡು ಇದೆಂಥ ಧರ್ಮಶ್ರದ್ಧೆ ಎಂದು ಬೆರಗಾಗುವವರು ಕಟ್ಟಿದ ಇಸವಿಯನ್ನೊಮ್ಮೆ ನೋಡುವುದು ಒಳ್ಳೆಯದು. ಹಲವು ಕಡೆ ಎರಡನೆಯದನ್ನು ಎಬ್ಬಿಸಿದ್ದು ಶ್ರದ್ಧೆಗಿಂತ ಹೆಚ್ಚಾಗಿ ಸರ್ಕಾರ.

1915ರಲ್ಲಿ ಜರ್ಮನ್ ಸೇನೆ ಬಂತು. ಪಕ್ಕದ ಸೇರ್ವಚ್ ನದಿಯ ದಂಡೆಯಲ್ಲಿ ರಣರೇಖೆ ವರ್ಷಗಟ್ಟಲೆ ನಿಂತಿತು. ಆ ಯುದ್ಧದಲ್ಲೇ ವಾಡೆ ನಾಶವಾಯಿತು. 1921ರ ರೀಗಾ ಒಪ್ಪಂದದಿಂದ ಹಳ್ಳಿ ಪೋಲೆಂಡಿಗೆ ಹೋಯಿತು, 1939ರಲ್ಲಿ ಸೋವಿಯತ್ ಒಕ್ಕೂಟದ ಕೈಗೆ ಬಂದು ಜಮೀನ್ದಾರಿಕೆಯೇ ಅಳಿಯಿತು. ಹೊಸ ಆಡಳಿತಕ್ಕೆ ವಾಡೆ ಎಂದರೆ ಶೋಷಣೆಯ ಗುರುತು, ಅದನ್ನು ಮತ್ತೆ ಕಟ್ಟುವ ಪ್ರಶ್ನೆಯೇ ಇರಲಿಲ್ಲ. ಚರ್ಚು ಎಂದರೂ ಆ ಆಡಳಿತಕ್ಕೆ ಅಷ್ಟಕ್ಕಷ್ಟೆ. ಆದರೆ ಚರ್ಚಿಗೆ ಊರಿತ್ತು. ವಾಡೆಗೆ ಇದ್ದದ್ದು ಒಂದು ಮನೆತನ, ಆ ಮನೆತನ ಹೋದ ಮೇಲೆ ಅದು ನನ್ನದು ಎನ್ನುವವರು ಯಾರೂ ಉಳಿಯಲಿಲ್ಲ. ಬೆಲಾರೂಸ್‌ನ ನೂರಾರು ವಾಡೆಗಳ ಪಾಡು ಇದೇ. ಈಚಿನ ವರ್ಷಗಳಲ್ಲಿ ಸ್ಥಳೀಯ ಆಡಳಿತಗಳು ಇಂಥ ಪಾಳುಕಟ್ಟಡಗಳನ್ನು, ದುರಸ್ತಿ ಮಾಡಿಸಲೇಬೇಕೆಂಬ ಷರತ್ತಿನ ಮೇಲೆ, ನಾಮಮಾತ್ರದ ಬೆಲೆಗೆ ಹರಾಜಿಗಿಡುತ್ತಿವೆ. ಕೊಳ್ಳುವುದು ಸುಲಭ, ದುರಸ್ತಿಯ ಖರ್ಚಿಗೆ ಕೊನೆಯಿಲ್ಲ.

ಗ್ರಂಥಾಲಯ ಮಾತ್ರ ಯುದ್ಧದ ಬೆಂಕಿಗೆ ಸಿಗಲಿಲ್ಲ. ಯುದ್ಧಕ್ಕೆ ತುಸು ಮೊದಲೇ ಆಗಿನ ಒಡೆಯ ಅದನ್ನು ಕೀವ್ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದ. ಅದು ದಾನವಲ್ಲ, ಠೇವಣಿ. ಲಿಥುವೇನಿಯಾ–ಬೆಲಾರೂಸ್ ಸೀಮೆಯಲ್ಲಿ ಮತ್ತೆ ವಿಶ್ವವಿದ್ಯಾಲಯ ತೆರೆದಾಗ ಪುಸ್ತಕಗಳು ಅಲ್ಲಿಗೆ ಸೇರಬೇಕೆಂಬುದು ಷರತ್ತು. 1919ರಲ್ಲಿ ವಿಲ್ನಾದಲ್ಲಿ, 1921ರಲ್ಲಿ ಮಿನ್ಸ್ಕ್‌ನಲ್ಲಿ ವಿಶ್ವವಿದ್ಯಾಲಯಗಳು ತೆರೆದವು. ಅಷ್ಟರಲ್ಲಿ ಷರತ್ತು ಹಾಕಿದ ಕಾಲದ ಸಾಮ್ರಾಜ್ಯವೂ ಇರಲಿಲ್ಲ, ಗಡಿಗಳೂ ಇರಲಿಲ್ಲ. ಶ್ಚೋರ್ಸಿಯ ಪುಸ್ತಕಗಳು ಈಗಲೂ ಕೀವ್‌ನಲ್ಲಿ, ಉಕ್ರೇನಿನ ವೆರ್ನಾಡ್‌ಸ್ಕಿ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.