ಡೇಟ್ ಕೆಳಗೆ ಎಳೆದ್ರೆ ದಿನದ ಬದಲು ವರ್ಷ ಏರ್ತಿದೆ, ಏನು ಮಾಡ್ಲಿ?

ಓದುಗರ ಪ್ರಶ್ನೆ: ಶೀಟ್‌ನ ಮೊದಲ ಕಾಲಮ್‌ಗೆ ಒಂದೊಂದೇ ದಿನಾಂಕ ಟೈಪ್ ಮಾಡಿ ಸಾಕಾಗಿದೆ. ಮೊದಲನೇದು ಹಾಕಿದ್ರೆ ಉಳಿದಿದ್ದೆಲ್ಲ ತಾನಾಗೇ ಸಾಲಾಗಿ ಬರೋ ಹಾಗೆ ಮಾಡ್ಬಹುದಾ? ಎಳೆದು ನೋಡಿದೆ, 13/01/2026 ಆದ್ಮೇಲೆ 13/01/2027, 13/01/2028 ಅಂತ ಬರ್ತಿದೆ.

ಖಂಡಿತ ಮಾಡ್ಬಹುದು, ನೀವು ಮಾಡಿದ ವಿಧಾನಾನೂ ಸರಿಯಾಗೇ ಇದೆ. ದಿನಾಂಕ ಇರೋ ಸೆಲ್ ಮೇಲೆ ಕ್ಲಿಕ್ ಮಾಡಿದ್ರೆ ಅದರ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚುಕ್ಕಿ ಕಾಣುತ್ತೆ, ಅದನ್ನ ಹಿಡಿದು ಕೆಳಗೆ ಎಳೆದ್ರೆ ಒಂದೊಂದು ದಿನ ಹೆಚ್ಚಾಗ್ತಾ ಹೋಗ್ಬೇಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಮೂರರಲ್ಲೂ ಹೀಗೇನೇ. ನಿಮ್ಮಲ್ಲಿ ವರ್ಷ ಏರ್ತಿದೆ ಅಂದ್ರೆ ತೊಂದರೆ ಎಳೆಯೋದ್ರಲ್ಲಿ ಇಲ್ಲ, ಆ ಮೊದಲನೇ ಸೆಲ್‌ನಲ್ಲಿ ಇರೋದು ಶೀಟ್‌ನ ಲೆಕ್ಕದಲ್ಲಿ ದಿನಾಂಕವೇ ಅಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಡೇಟ್ ವಿಷಯದಲ್ಲಿ ಬರೋ ಮುಕ್ಕಾಲು ತಲೆನೋವಿಗೆ ಇದೇ ಮೂಲ. ಶೀಟ್ ಒಳಗಡೆ ದಿನಾಂಕ ಅನ್ನೋದು ಬರೀ ಒಂದು ನಂಬರ್. ಎಕ್ಸೆಲ್‌ನಲ್ಲಿ 1900ರ ಜನವರಿ 1 ಅಂದ್ರೆ 1, ಅಲ್ಲಿಂದ ದಿನಕ್ಕೊಂದರಂತೆ ಎಣಿಸ್ತಾ ಬಂದ್ರೆ 2026ರ ಜನವರಿ 1 ಅಂದ್ರೆ 46023. ನಮಗೆ ಕಾಣೋ ದಿನ, ತಿಂಗಳು, ವರ್ಷ ಎಲ್ಲ ಆ ನಂಬರ್ ಮೇಲೆ ಹಾಕಿರೋ ಫಾರ್ಮ್ಯಾಟ್ ಅಷ್ಟೇ. ನಂಬರ್ ಆಗಿರೋದ್ರಿಂದ್ಲೇ ಒಂದು ಕೂಡಿಸಿದ್ರೆ ನಾಳೆ ಬರುತ್ತೆ, ತಿಂಗಳ ಕೊನೆ, ಫೆಬ್ರವರಿ 29 ಇವೆಲ್ಲ ತಾನಾಗೇ ಸರಿಹೋಗುತ್ತೆ.

ಈಗ ನಿಮ್ಮ ಸೆಲ್‌ಗೆ ಬನ್ನಿ. ನಿಮ್ಮ ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ತಿಂಗಳು ಮೊದಲು, ದಿನ ಆಮೇಲೆ ಅನ್ನೋ ಕ್ರಮದಲ್ಲಿ ಇರೋ ಸಾಧ್ಯತೆ ತುಂಬಾ ಜಾಸ್ತಿ. 13/01 ಅಂತ ಬರೆದ್ರೆ ಅದು 13ನೇ ತಿಂಗಳು ಅಂತ ಓದ್ಕೊಳುತ್ತೆ, ಅಂಥ ತಿಂಗಳೇ ಇಲ್ವಲ್ಲ, ಹಾಗಾಗಿ ಅದನ್ನ ಟೆಕ್ಸ್ಟ್ ಅಂತ ಇಟ್ಕೊಂಡು ಸುಮ್ಮನಾಗುತ್ತೆ, ಟೆಕ್ಸ್ಟ್ ಎಳೆದಾಗ ಕೊನೇಲಿರೋ ಅಂಕಿ ಹೆಚ್ಚಾಗೋದು ಅದರ ನಿಯಮ, ಕೊನೇಲಿರೋದು 2026, ಅದಕ್ಕೇ 2027. ಇದಕ್ಕಿಂತ ಅಪಾಯ ಇರೋದು 12/01/2026 ಅಂತ ಹಾಕಿದಾಗ, ಅದನ್ನ ಡಿಸೆಂಬರ್ 1 ಅಂತ ಒಪ್ಕೊಂಡುಬಿಡುತ್ತೆ, ಎಳೆದ್ರೆ 12/02, 12/03 ಅಂತ ಬರುತ್ತೆ, ಎಲ್ಲೂ ಎರರ್ ತೋರ್ಸಲ್ಲ. ನೋಡಿದವರು ತಿಂಗಳು ಏರ್ತಿದೆ ಅಂದ್ಕೊಳ್ತಾರೆ, ನಿಜದಲ್ಲಿ ಏರ್ತಿರೋದು ದಿನಾನೇ.

ಕಂಡುಹಿಡಿಯೋದು ಸುಲಭ. ಅಲೈನ್‌ಮೆಂಟ್ ನೀವೇ ಬದಲಾಯಿಸಿಲ್ಲ ಅಂದ್ರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ ನಿಲ್ಲುತ್ತೆ, ಟೆಕ್ಸ್ಟ್ ಎಡಕ್ಕೆ. ಇನ್ನೂ ಗಟ್ಟಿ ಮಾಡ್ಕೋಬೇಕು ಅಂದ್ರೆ ಆ ಸೆಲ್‌ನ ಫಾರ್ಮ್ಯಾಟ್ ನಂಬರ್‌ಗೆ ಬದಲಾಯಿಸಿ ನೋಡಿ, 46 ಸಾವಿರದ ಆಸುಪಾಸು ಬಂದ್ರೆ ಅದು ದಿನಾಂಕ, ಏನೂ ಬದಲಾಗದೆ ಹಾಗೇ ಇದ್ರೆ ಟೆಕ್ಸ್ಟ್. ಸರಿ ಮಾಡೋಕೆ ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್, ಅಂದ್ರೆ ಯಾವ ದೇಶದ ಕ್ರಮ ಅನ್ನೋದನ್ನ, ದಿನ ಮೊದಲು ಬರೋ ಹಾಗೆ ಬದಲಾಯಿಸಿ, ವಿಂಡೋಸ್ ಎಕ್ಸೆಲ್ ಆದ್ರೆ ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್‌ನಲ್ಲೇ ಬದಲಾಯಿಸ್ಬೇಕು, ಆಮೇಲೆ ಮೊದಲನೇ ದಿನಾಂಕ ಮತ್ತೆ ಟೈಪ್ ಮಾಡಿ. ಸೆಟ್ಟಿಂಗ್ ಮುಟ್ಟೋಕೆ ಇಷ್ಟ ಇಲ್ವಾ, 2026-01-13 ಅಂತ ವರ್ಷ ಮೊದಲು ಬರೋ ಹಾಗೆ ಟೈಪ್ ಮಾಡಿ, ಗೊಂದಲಕ್ಕೆ ಜಾಗಾನೇ ಇರಲ್ಲ, ನಾನಂತೂ ಎಲ್ರಿಗೂ ಇದನ್ನೇ ಹೇಳೋದು.

ಮೊದಲನೇ ಸೆಲ್ ಸರಿಯಾದ್ರೆ ಉಳಿದಿದ್ದು ಆರಾಮ. ಪಕ್ಕದ ಕಾಲಮ್‌ನಲ್ಲಿ ಆಗಲೇ ಡೇಟಾ ಇದ್ರೆ ಎಳೆಯೋದೂ ಬೇಡ, ಆ ಚುಕ್ಕಿ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಡೇಟಾ ಇರೋವರೆಗೂ ತುಂಬ್ಕೊಳುತ್ತೆ. ವಾರಕ್ಕೊಂದು ದಿನಾಂಕ ಬೇಕು ಅಂದ್ರೆ ಜನವರಿ 5, ಜನವರಿ 12 ಅಂತ ಎರಡು ಸೆಲ್ ತುಂಬಿ, ಎರಡನ್ನೂ ಸೆಲೆಕ್ಟ್ ಮಾಡಿ ಎಳೀರಿ, ಏಳೇಳು ದಿನದ ಲೆಕ್ಕ ಅದಕ್ಕೇ ಗೊತ್ತಾಗುತ್ತೆ. ಎಕ್ಸೆಲ್‌ನಲ್ಲಿ ಮೌಸ್‌ನ ಬಲ ಬಟನ್ ಒತ್ತಿ ಹಿಡಿದು ಎಳೆದು ಬಿಟ್ರೆ ಒಂದು ಮೆನು ಬರುತ್ತೆ, ಶನಿವಾರ ಭಾನುವಾರ ಬಿಟ್ಟು ತುಂಬು, ತಿಂಗಳ ಲೆಕ್ಕದಲ್ಲಿ ತುಂಬು, ವರ್ಷದ ಲೆಕ್ಕದಲ್ಲಿ ತುಂಬು ಅನ್ನೋ ಆಯ್ಕೆಗಳೆಲ್ಲ ಅಲ್ಲೇ ಇವೆ.

ಶುರುವಿನ ದಿನಾಂಕ ಪದೇಪದೇ ಬದಲಾಯಿಸ್ಬೇಕಾಗುತ್ತೆ ಅಂದ್ರೆ ಎಳೆಯೋದಕ್ಕಿಂತ ಫಾರ್ಮುಲಾ ವಾಸಿ. ಎ2ನಲ್ಲಿ ದಿನಾಂಕ ಹಾಕಿ, ಎ3ನಲ್ಲಿ =A2+1 (ಇಂಗ್ಲಿಷ್ ಅಕ್ಷರದಲ್ಲೇ) ಬರೆದು ಅದನ್ನೇ ಕೆಳಗೆ ಎಳೀರಿ, ಮುಂದಿನ ಸಲ ಎ2 ಒಂದನ್ನ ಬದಲಾಯಿಸಿದ್ರೆ ಇಡೀ ಪಟ್ಟಿ ಬದಲಾಗುತ್ತೆ. ಕೂಡಿಸೋ ಬದಲು ವರ್ಕ್‌ಡೇ ಫಂಕ್ಷನ್ ಹಾಕಿದ್ರೆ ಶನಿ ಭಾನು ಬಿಟ್ಟು ಮುಂದೆ ಹೋಗುತ್ತೆ, ಬೇರೆ ರಜೆಗಳ ಪಟ್ಟಿ ಕೊಟ್ರೆ ಅವನ್ನೂ ಬಿಡುತ್ತೆ. ತಿಂಗಳ ಲೆಕ್ಕಕ್ಕೆ ಇಡೇಟ್ (EDATE) ಅನ್ನೋ ಫಂಕ್ಷನ್ ಇದೆ, ಆದ್ರೆ ಇಲ್ಲೊಂದು ಎಚ್ಚರ ಬೇಕು: ಜನವರಿ 31ರಿಂದ ಶುರು ಮಾಡಿ ಪ್ರತಿ ಸೆಲ್‌ನಲ್ಲೂ ಮೇಲಿನ ಸೆಲ್‌ಗೆ ಒಂದು ತಿಂಗಳು ಸೇರಿಸ್ತಾ ಹೋದ್ರೆ ಫೆಬ್ರವರಿ 28 ಬರುತ್ತೆ, ಆಮೇಲೆ ಮಾರ್ಚ್ 28, ಏಪ್ರಿಲ್ 28, ಮತ್ತೆ 31ಕ್ಕೆ ಹೋಗೋದೇ ಇಲ್ಲ. ಯಾವಾಗ್ಲೂ ಮೊದಲನೇ ದಿನಾಂಕದಿಂದ್ಲೇ 1, 2, 3 ತಿಂಗಳು ಅಂತ ಲೆಕ್ಕ ಹಾಕಿಸಿ, ಆಗ ಮಾರ್ಚ್ 31 ಸರಿಯಾಗಿ ಬರುತ್ತೆ.

ಇನ್ನು ಶುರುವಿನ ಸೆಲ್‌ನಲ್ಲಿ ಟುಡೇ ಫಂಕ್ಷನ್ ಮಾತ್ರ ಹಾಕ್ಬೇಡಿ, ನಾಳೆ ಫೈಲ್ ತೆಗೆದಾಗ ಪಟ್ಟಿ ಪೂರ್ತಿ ಒಂದು ದಿನ ಮುಂದೆ ಹೋಗಿರುತ್ತೆ. ಇವತ್ತಿನ ದಿನಾಂಕ ಖಾಯಂ ಆಗಿ ಬೇಕು ಅಂದ್ರೆ ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿ. ಹಾಗೇ =A2+1 ಥರದ ಪಟ್ಟಿಯಲ್ಲಿ ಮಧ್ಯದ ಒಂದು ಸಾಲು ಡಿಲೀಟ್ ಮಾಡಿದ್ರೆ ಅದರ ಕೆಳಗಿನದ್ದೆಲ್ಲ ಎರರ್ ಆಗುತ್ತೆ, ಸಾರ್ಟ್ ಮಾಡಿದ್ರೂ ಲೆಕ್ಕ ಕೆಡುತ್ತೆ. ದಿನಾಂಕಗಳು ಇನ್ನು ಬದಲಾಗಲ್ಲ ಅಂತ ಖಾತ್ರಿಯಾದ್ಮೇಲೆ ಆ ಕಾಲಮ್ ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಿ, ಆಮೇಲೆ ಸಾಲು ಡಿಲೀಟ್ ಮಾಡಿದ್ರೂ ಸಾರ್ಟ್ ಮಾಡಿದ್ರೂ ತೊಂದರೆ ಇರಲ್ಲ.