ಮೂರೇ ಪಂದ್ಯ ಆಡಿದ ಮಿಸಾಕಾ

ಪ್ರಶ್ನೆ: ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬಿಳಿಯರಲ್ಲದವರು ಮೊದಲು ಬಂದಿದ್ದು 1950ರಲ್ಲಿ ಅಂತ ಒಂದು ಕಡೆ ಓದಿದೆ, 1947ರಲ್ಲಿ ಅಂತ ಇನ್ನೊಂದು ಕಡೆ. ಯಾವುದು ಸರಿ?

1947. 1950 ಅನ್ನುವವರು ಕರಿಯ ಆಟಗಾರರ ಲೆಕ್ಕ ಹೇಳುತ್ತಿದ್ದಾರೆ. ಚಕ್ ಕೂಪರ್, ಅರ್ಲ್ ಲಾಯ್ಡ್, ನ್ಯಾಟ್ ಕ್ಲಿಫ್ಟನ್ ಬಂದಿದ್ದು ಆ ವರ್ಷ. ಅದಕ್ಕೂ ಮೂರು ವರ್ಷ ಮೊದಲೇ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಆಡಿದವರು ವಾಟ್ ಮಿಸಾಕಾ. ಜಪಾನಿನಿಂದ ವಲಸೆ ಬಂದ ಅಪ್ಪ-ಅಮ್ಮನ ಮಗ, ಹುಟ್ಟಿದ್ದು ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ. ಲೀಗಿಗೆ ಆಗ ಬಿಎಎ ಅಂತ ಹೆಸರು, ಎನ್‌ಬಿಎ ಆಗಿದ್ದು 1949ರಲ್ಲಿ. ಗೊಂದಲಕ್ಕೆ ಇದೂ ಒಂದು ಕಾರಣ.

ಅಪ್ಪನದು ಕ್ಷೌರದಂಗಡಿ. ಮನೆ ಆ ಅಂಗಡಿಯ ನೆಲಮಾಳಿಗೆಯಲ್ಲೇ. ಮಗನ ಎತ್ತರ ಬರೀ ಐದಡಿ ಏಳಿಂಚು. ಬ್ಯಾಸ್ಕೆಟ್‌ಬಾಲ್‌ಗೆ ಇದು ಗಿಡ್ಡವೇ ಅಲ್ವಾ? ಆದರೆ ಕಾಲು ಚುರುಕು, ಎದುರಾಳಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. 1944ರಲ್ಲಿ ಇವರಿದ್ದ ಯೂಟಾ ವಿಶ್ವವಿದ್ಯಾಲಯದ ತಂಡ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡಾರ್ಟ್‌ಮತ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 42–40ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ ಅದು; ಅದೇ ಹೊತ್ತಿಗೆ ಅಮೆರಿಕ ಸರ್ಕಾರ ಯೂಟಾದ ಟೋಪಾಜ್ ಶಿಬಿರದಲ್ಲಿ ಸಾವಿರಾರು ಜಪಾನಿ ಮೂಲದವರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿತ್ತು. ಕರಾವಳಿ ರಾಜ್ಯಗಳಿಂದ ಎಬ್ಬಿಸಿ ತಂದವರು ಅವರು. ಮಿಸಾಕಾ ಕುಟುಂಬ ಮೊದಲಿಂದ ಯೂಟಾದಲ್ಲೇ ಇದ್ದದ್ದರಿಂದ ಬಚಾವಾಯಿತು.

ಗೆದ್ದ ಮೇಲೆ ಸೈನ್ಯಕ್ಕೆ ಕರೆ ಬಂತು. ಯುದ್ಧ ಮುಗಿದ ಮೇಲೆ ಹಿರೋಶಿಮಾಕ್ಕೆ ಹೋಗಿ, ಬಾಂಬಿನಿಂದ ಬದುಕುಳಿದವರನ್ನು ಮಾತಾಡಿಸುವ ಕೆಲಸ ಮಾಡಿದರು. ವಾಪಸ್ ಬಂದು 1947ರಲ್ಲಿ ಅದೇ ಗಾರ್ಡನ್‌ನಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ವಿರುದ್ಧ ಎನ್‌ಐಟಿ ಅನ್ನುವ ಕಾಲೇಜು ಟೂರ್ನಿಯ ಫೈನಲ್ ಆಡಿದರು. ಕೆಂಟಕಿಯ ಹೆಸರಾಂತ ಆಟಗಾರ ರಾಲ್ಫ್ ಬಿಯರ್ಡ್‌ನನ್ನು ಕಾಯುವ ಹೊಣೆ ಇವರದು. ಇಡೀ ಪಂದ್ಯದಲ್ಲಿ ಬಿಯರ್ಡ್‌ಗೆ ಸಿಕ್ಕಿದ್ದು ಒಂದೇ ಒಂದು ಅಂಕ! ಯೂಟಾ 49–45ರಿಂದ ಗೆದ್ದಿತು. ನಿಕ್ಸ್ ಇವರನ್ನು ಆರಿಸಿಕೊಂಡಿದ್ದು ಅದೇ ವರ್ಷ. ಸುಮ್ನೆ ಪ್ರಚಾರಕ್ಕೆ ತಗೊಂಡರು ಅನ್ನುವವರು ಈ ಪಂದ್ಯವನ್ನು ಮರೆತಿರುತ್ತಾರೆ.

ವೃತ್ತಿ ಆಟ ಮಾತ್ರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಮೂರು ಪಂದ್ಯ, ತಲಾ ಎರಡು ಅಂಕದ ಮೂರು ಬುಟ್ಟಿ, ಒಂದು ಅಂಕದ ಒಂದು ಫ್ರೀ ಥ್ರೋ. ಒಟ್ಟು 7 ಅಂಕ. ಅಷ್ಟಕ್ಕೇ ತಂಡದಿಂದ ಕೈಬಿಟ್ಟರು. ಜನಾಂಗದ ಕಾರಣಕ್ಕಾ? ಹಾಗೇನಿಲ್ಲ, ತಂಡದಲ್ಲಿ ಗಾರ್ಡ್‌ಗಳು, ಅಂದರೆ ನನ್ನದೇ ಜಾಗದಲ್ಲಿ ಆಡುವವರು, ಜಾಸ್ತಿ ಇದ್ದರು ಅಂತ ಮಿಸಾಕಾ ಅವರೇ ಮುಂದೆ ಹೇಳುತ್ತಿದ್ದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಯರ್ಡ್‌ನನ್ನು ಕಟ್ಟಿಹಾಕಿದವರ ಕೈ ನೋಡಲು ಮೂರು ಪಂದ್ಯ ತೀರಾ ಕಮ್ಮಿ ಆಯಿತು.

ಆಮೇಲೆ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆಯಿತು. ಬೇಡ ಅಂದರು. ಎಂಜಿನಿಯರಿಂಗ್ ಓದು ಅರ್ಧಕ್ಕೆ ನಿಂತಿತ್ತು. ಯೂಟಾಕ್ಕೆ ಮರಳಿ ಅದನ್ನು ಮುಗಿಸಿ, ಸಾಲ್ಟ್ ಲೇಕ್ ಸಿಟಿಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿದರು. 2019ರಲ್ಲಿ ತೀರಿಕೊಂಡಾಗ 95 ವರ್ಷ.