ಕುಡುಕನ ಕಥೆಗೆ ಆರ್ಗನ್ ಯಾಕೆ ಬೇಕು?

ಪಿಯಾನೋದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸತೊಡಗುತ್ತದೆ. ಸುತ್ತಿಗೆ ಒಮ್ಮೆ ತಂತಿಗೆ ಬಡಿದ ಮೇಲೆ ಆ ಕಂಪನಕ್ಕೆ ಹೊಸ ಶಕ್ತಿ ಸಿಗುವುದಿಲ್ಲ. ಕೊಳವೆಗಳಿಗೆ ಗಾಳಿ ಹಾಯಿಸಿ ಸ್ವರ ಹೊರಡಿಸುವ ಆರ್ಗನ್ ಹಾಗಲ್ಲ. ನಮ್ಮ ಹಾರ್ಮೋನಿಯಂನಂತೆ, ಗಾಳಿ ಹರಿಯುತ್ತಿದ್ದು ಬೆರಳು ಏಳದಿರುವಷ್ಟು ಹೊತ್ತೂ ಸ್ವರ ನಿಂತೇ ಇರುತ್ತದೆ. ಚಟದ ಕಥೆ ಹೇಳುವ ಮೂಕಿಚಿತ್ರದ ಜೊತೆಗೆ ಚಿತ್ರಮಂದಿರದಲ್ಲೇ ನುಡಿಸಲು ಇದಕ್ಕಿಂತ ಒಗ್ಗುವ ವಾದ್ಯವಿಲ್ಲ ಎಂದು ನಾನು ನಂಬಿದ್ದೇನೆ. ಕುಡಿಯಬೇಕೆಂಬ ಹಪಾಹಪಿಯೂ ಹೀಗೇ, ಬಿಡದೆ ಎಳೆಯುತ್ತದೆ.

1921ರ ಜನವರಿ 1ರಂದು ತೆರೆಕಂಡ ಸ್ವೀಡನ್ನಿನ 'ದಿ ಫ್ಯಾಂಟಮ್ ಕ್ಯಾರೇಜ್' ಅಂಥ ಚಿತ್ರ. ನಿರ್ದೇಶಕ ವಿಕ್ಟರ್ ಶೋಸ್ತ್ರೋಮ್ ತಾವೇ ಕುಡುಕ ಡೇವಿಡ್ ಹೋಲ್ಮ್ ಆಗಿದ್ದಾರೆ. ವರ್ಷದ ಕೊನೆಯ ರಾತ್ರಿ ಸ್ಮಶಾನದಲ್ಲಿ ಬಿದ್ದ ಅವನೆದುರು ಸಾವಿನ ಗಾಡಿ ಬಂದು ನಿಲ್ಲುತ್ತದೆ. ಒಂದೇ ಫಿಲ್ಮಿನ ಮೇಲೆ ಮತ್ತೆ ಚಿತ್ರೀಕರಿಸಿ ಆ ಗಾಡಿಯನ್ನು ಪಾರದರ್ಶಕವಾಗಿಸಿದ್ದಾರೆ. ಆರ್ಗನ್ನಿನ 16 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 33 ಕಂಪನಗಳ ಸ್ವರ ಹೊರಡಿಸುತ್ತದೆ. ಮನುಷ್ಯನ ಕಿವಿಯ ಕೆಳಮಿತಿ ಸುಮಾರು 20. ಇಷ್ಟು ಕೆಳಗಿನ ಮಂದ್ರ ಜೋರಾಗಿ ಮೊಳಗಿದರೆ ಎದೆಗೂಡಿಗೂ ತಿಳಿಯುತ್ತದೆ. ಗಾಡಿಗೆ ತೂಕ ಬರುವುದೇ ಆಗ.

ಚರ್ಚಿನ ಈ ವಾದ್ಯ ಚಿತ್ರಮಂದಿರಕ್ಕೆ ಒಗ್ಗಿದ್ದರಲ್ಲಿ ಟೆಲಿಫೋನ್ ಎಂಜಿನಿಯರ್ ರಾಬರ್ಟ್ ಹೋಪ್-ಜೋನ್ಸ್ ಪಾಲು ದೊಡ್ಡದು. ಅವರ ಆರ್ಗನ್ನಿನಲ್ಲಿ ಬೆರಳಿನಿಂದ ಕೀಲಿ ಒತ್ತಿದರೆ ವಿದ್ಯುತ್ ಹರಿದು ಕೊಳವೆಯ ಕವಾಟ ತೆರೆಯುತ್ತದೆ. ಹಾಗಾಗಿ ಕೊಳವೆಗಳು ಎಲ್ಲೇ ಇರಲಿ, ವಾದಕ ಪರದೆ ಕಾಣುವಲ್ಲಿ ಕೂತು, ಚಿತ್ರ ನೋಡುತ್ತಲೇ ನುಡಿಸಬಹುದು.

ನುಡಿಸುವುದೇನನ್ನು? ಬಾಟಲಿ ಕಂಡಾಗಲೆಲ್ಲ ಒಂದು ಚಿಕ್ಕ ಸ್ವರಗುಚ್ಛ ನುಡಿಸಿದರೆ ನಾಲ್ಕೈದು ಸಲದಲ್ಲಿ ಪ್ರೇಕ್ಷಕರ ಮೆದುಳು ಅವೆರಡನ್ನೂ ಗಂಟುಹಾಕುತ್ತದೆ. ಚಟ ಬೇರೂರುವುದೂ ಇಂಥದೇ ಗಂಟಿನಿಂದ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ಡೋಪಮೈನ್ (ಬಯಕೆ, ಕಲಿಕೆಗಳಲ್ಲಿ ಪಾತ್ರವಹಿಸುವ ಮೆದುಳಿನ ರಾಸಾಯನಿಕ) ನರಕೋಶಗಳು, ಕಲಿತ ಮೇಲೆ ರಸದ ಮುನ್ಸೂಚನೆಗೇ ಮಿಡಿಯತೊಡಗಿದವು. ಇಷ್ಟದ ಸಂಗೀತ ರೋಮಾಂಚನ ತರುವ ಮುನ್ನವೇ, ಅದರ ನಿರೀಕ್ಷೆಯಲ್ಲೇ, ಕೇಳುಗರ ಮೆದುಳಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು.

ಜೈಲಿನಲ್ಲಿ ಮನಸ್ಸು ಬದಲಿಸಿಕೊಂಡ ಹೋಲ್ಮ್ ಮನೆಗೆ ಬಂದಾಗ ಹೆಂಡತಿ ಮಕ್ಕಳು ಬಿಟ್ಟುಹೋಗಿರುತ್ತಾರೆ. ಅಲ್ಲಿ ಬಾಟಲಿಯ ಸ್ವರಗುಚ್ಛವನ್ನು ಮೆಲ್ಲಗೆ ತಂದರೆ ಸಾಕು, ಅವನು ಮತ್ತೆ ಜಾರುವುದು ಪ್ರೇಕ್ಷಕರಿಗೆ ಮೊದಲೇ ಹೊಳೆಯುತ್ತದೆ.

ಕೊನೆಯಲ್ಲಿ ಹೋಲ್ಮ್ ಪಶ್ಚಾತ್ತಾಪಪಡುತ್ತಾನೆ. ಎಲ್ಲ ಕೊಳವೆಗಳನ್ನೂ ಮೊಳಗಿಸಿ ಮಂಗಳ ಹಾಡುವ ಆಸೆ ವಾದಕನಿಗೆ ಬಂದರೆ ಸಹಜವೇ. ಆದರೆ ಕುಡಿತ ಬಿಟ್ಟ ಮಾತ್ರಕ್ಕೆ ಹಳೆಯ ಗಂಟು ಮೆದುಳಿನಿಂದ ಅಳಿಸಿಹೋಗುವುದಿಲ್ಲ. ಹೊಸ ಕಲಿಕೆ ಅದನ್ನು ಅದುಮಿಡುತ್ತದೆ, ಅಷ್ಟೆ. ಹೋಲ್ಮ್‌ನ ಹೋರಾಟಕ್ಕೆ ನ್ಯಾಯ ಸಲ್ಲಬೇಕಾದರೆ ಕಾಲಿನಿಂದ ನುಡಿಸುವ ಪೆಡಲಿನಲ್ಲಿ ಬಾಟಲಿಯ ಆ ಹಳೆಯ ಸ್ವರ ಇನ್ನೂ ಉಳಿದಿರಬೇಕು, ಮೇಲಿನ ರಾಗ ಅದನ್ನು ಮೀರಿ ಏರಬೇಕು.